ಗುಂಡ್ಲುಪೇಟೆ ಸೊನ್ನೆ

ಜುಲೈ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಚಾಮರಾಜನಗರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ಮೂವರು: ನಾನು, ನನ್ನ ತಂಗಿ, ಹರದನಹಳ್ಳಿಯಿಂದ ದಿನಾ ಹೂ ತಂದುಕೊಡುವ ಚಿಕ್ಕತಾಯಿ.

ನಾನೂ ತಂಗಿಯೂ ಹಿಂದಿನ ಸಂಜೆಯಷ್ಟೇ ಕರಾವಳಿಯ ಪ್ರವಾಸ ಮುಗಿಸಿ ಬಂದಿದ್ದೆವು. ಚೀಲ ಬಿಚ್ಚುವುದು ಆ ದಿನದ ಪಟ್ಟಿಯಲ್ಲಿ ನಾಲ್ಕನೆಯ ಕೆಲಸ. ಒದ್ದೆ ಸೀರೆಗಳನ್ನು ಒಂದು ಕಡೆ ಹಾಕಿದೆ, ಮಾತ್ರೆಗಳ ಡಬ್ಬಿಯನ್ನು ಅದರ ಜಾಗಕ್ಕೆ ಸೇರಿಸಿದೆ, ಕಡ್ಡಿ ಮುರಿದ ಕೊಡೆಯನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಚೀಲದ ತಳದಲ್ಲಿ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣವಿತ್ತು. ದಾರ ಬಿಚ್ಚಿದೆ. ಒಣಗಿದ ಪುನರ್ಪುಳಿ ಸಿಪ್ಪೆಯ ವಾಸನೆ ನಡುಮನೆಗೆಲ್ಲ ಹರಡಿತು. ಹುಳಿ, ಅದರ ಹಿಂದೆ ಒಂದಿಷ್ಟು ಉಪ್ಪು, ಇನ್ನೂ ಹಿಂದೆ ಒಲೆಯ ಮೇಲೆ ಒಣಗಿಸಿದ್ದರ ಹೊಗೆ...

"ಏನವ್ವ ಇದು, ಕರ್ರಗೆ ಬಾಡೋಗದೆ?" ಎಂದಳು ಚಿಕ್ಕತಾಯಿ, ಒಂದು ಸಿಪ್ಪೆ ಎತ್ತಿ ಮೂಸಿ.

"ಇದನ್ನ ತರಕ್ಕೇ ಅಕ್ಕ ಸಮುದ್ರದವರೆಗೂ ಹೋಗಿದ್ದು ಕಣೆ" ಎಂದಳು ನನ್ನ ತಂಗಿ.

"ಸಮುದ್ರಕ್ಕೋಗಿ ಸಿಪ್ಪೆ ತಂದವ್ರೆ. ಬುಡಿ, ಓದಿದವ್ರ ಇಚಾರನೇ ಬ್ಯಾರೆ" ಎಂದು ಚಿಕ್ಕತಾಯಿ ಹೂವಿನ ಬುಟ್ಟಿ ಎತ್ತಿಕೊಂಡು ಹೊರಟಳು.

ಆ ವಾಸನೆಯನ್ನು ನಾನು ಮೊದಲು ಕಂಡದ್ದು ಕರಾವಳಿಯಲ್ಲಲ್ಲ, ಗುಂಡ್ಲುಪೇಟೆಯಲ್ಲಿ. ಒಬ್ಬರ ಊಟದ ಡಬ್ಬಿಯ ಪಕ್ಕದಲ್ಲಿ ದಿನಾ ಇರುತ್ತಿದ್ದ ಸ್ಟೀಲ್ ಲೋಟದಲ್ಲಿ. ಅವರಿಗೆ ಸಂಬಂಧಪಟ್ಟ ಒಂದು ಪ್ರಶ್ನೆ ನಲವತ್ತಾರು ವರ್ಷ ನನ್ನೊಳಗೆ ಕೂತಿತ್ತು. ನನ್ನ ಒಂದು ತಪ್ಪಿನಿಂದ ಅವರಿಗೆ ಅವರ ಊರು ತಪ್ಪಿಹೋಯಿತೇ ಎಂಬ ಪ್ರಶ್ನೆ.

ಅವರನ್ನು ಎಲ್ಲರೂ ಕರೆಯುತ್ತಿದ್ದುದು ಮಳೆ ಮೇಷ್ಟ್ರು ಎಂದು. ಅವರು ಮೇಷ್ಟ್ರಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಕಡೆಗೆ ಮೂರು ಮೈಲಿ ಆಚೆ ಇದ್ದ ಒಂದು ಬೀಜದ ಫಾರಂನಲ್ಲಿ ಹಿರಿಯ ಸಹಾಯಕರು. ಅಲ್ಲಿಯ ಮಳೆಮಾಪಕ ಅವರ ಸುಪರ್ದಿಯಲ್ಲಿತ್ತು. ಹತ್ತಿರ ನಿಂತವರಿಗೆಲ್ಲ ಏನಾದರೊಂದು ಕಲಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಊರು ಕಾಪು. ಉಡುಪಿಯಿಂದ ತುಸು ದಕ್ಷಿಣಕ್ಕೆ, ದೀಪಸ್ತಂಭವಿರುವ ಕಡಲ ತೀರ. ಅರ್ಧ ತೋಳಿನ ಬಿಳಿ ಅಂಗಿ, ಬೆತ್ತದ ಹಿಡಿಯ ಕಪ್ಪು ಕೊಡೆ. ಒಂದು ಚೂರು ಮೋಡವಿಲ್ಲದ ಏಪ್ರಿಲ್‌ನಲ್ಲೂ ಆ ಕೊಡೆ ಅವರ ತೋಳಿಗೆ ತೂಗುತ್ತಿತ್ತು.

ಟೀ ಅಂಗಡಿಯ ಮುಂದೆ ಹಾದರೆ ರೈತರು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಮಳೆ ಮೇಷ್ಟ್ರೇ, ನಿಮ್ಮೂರ ಮಳೆನ ಒಂದೀಟು ಈ ಕಡಿಕೆ ಅಟ್ಟಿ. ಎಲ್ಲಾನೂ ಅಲ್ಲೇ ಉಯ್ಕಂಡ್ರೆ ನಾವೇನ್ ಮಾಡನ?"

"ಘಟ್ಟ ಹತ್ತುವಾಗ ಅದಕ್ಕೆ ದಮ್ಮು ಹೋಗ್ತದೆ ಮಾರಾಯ. ನಾನೆಂತ ಮಾಡ್ಲಿ? ಹೊತ್ತುಕೊಂಡು ಬರ್ಲಾ?" ಎನ್ನುತ್ತಿದ್ದರು ಅವರು, ನಗದೆ.

ನನಗಾಗ ಇಪ್ಪತ್ತೆರಡು. ಅಪ್ಪ ಸಂತೆಮರಹಳ್ಳಿ ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದರು. ಮಗಳಿಗೆ ಸರ್ಕಾರಿ ಕೆಲಸವಾಯಿತೆಂದು ಒಂದು ಸಂತೆಯ ದಿನ ಕೊಂಡವರಿಗೆಲ್ಲ ಎರಡೆರಡು ಎಲೆ ಹೆಚ್ಚು ಕೊಟ್ಟಿದ್ದರು. ಗುಂಡ್ಲುಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಂಟು ಗಂಟೆಯ ಬಸ್ಸಿಗೆ ಫಾರಂಗೆ ಹೋಗುತ್ತಿದ್ದೆ. ಇಡೀ ಫಾರಂನಲ್ಲಿ ಮೇಜಿನ ಮುಂದೆ ಕೂತು ಕೆಲಸ ಮಾಡುವ ಹೆಣ್ಣು ನಾನೊಬ್ಬಳೇ. ಕಾವಲುಗಾರನಿಂದ ಹಿಡಿದು ಎಲ್ಲರಿಗೂ ನಾನು 'ಅಮ್ಮಿ'.

ಮಳೆ ಅಳೆಯುವುದನ್ನು ಅವರು ನನಗೆ ಮೊದಲ ವಾರವೇ ಕಲಿಸಿದರು. ಎಂಟೂವರೆ ಎಂದರೆ ಎಂಟೂವರೆ. ಹಿಂದಿನ ದಿನದ ಎಂಟೂವರೆಯಿಂದ ಈ ದಿನದ ಎಂಟೂವರೆಯವರೆಗೆ ಬಿದ್ದದ್ದು ಒಂದು ದಿನದ ಮಳೆ. ಬೇಲಿಯ ಗೇಟು ತೆಗೆಯಬೇಕು, ಮಾಪಕದ ಮೇಲಿನ ಆಲಿಕೆಯನ್ನು ಎತ್ತಿ ಎಲೆ ಕಡ್ಡಿ ಬಿದ್ದಿವೆಯೇ ನೋಡಬೇಕು, ಒಳಗಿನ ಬಾಟಲಿಯ ನೀರನ್ನು ಗೀಟು ಹಾಕಿದ ಅಳತೆಯ ಗಾಜಿಗೆ ಬಗ್ಗಿಸಬೇಕು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಆಮೇಲೆ ನೀರು ಚೆಲ್ಲಬೇಕು, ಅದಕ್ಕೆ ಮೊದಲಲ್ಲ. ಒಳಗೆ ಬಂದು ದೊಡ್ಡ ಪುಸ್ತಕದಲ್ಲಿ ಶಾಯಿಯಲ್ಲಿ ಬರೆಯಬೇಕು.

ಇದೆಲ್ಲ ಸುಲಭ. ಕಷ್ಟವಿದ್ದುದು ಮಳೆ ಬಾರದ ದಿನಗಳಲ್ಲಿ. ಆ ಸೀಮೆಯಲ್ಲಿ ಅಂಥ ದಿನಗಳೇ ಹೆಚ್ಚು. ಆಗಲೂ ಗೇಟು ತೆಗೆದು, ಆಲಿಕೆ ಎತ್ತಿ, ಖಾಲಿ ಬಾಟಲಿಯನ್ನು ಗಾಜಿನ ಮೇಲೆ ಬೋರಲು ಹಾಕಿ, ಏನೂ ಬೀಳಲಿಲ್ಲವೆಂದು ಕಣ್ಣಾರೆ ಕಂಡು, ಆಮೇಲೆ ಸೊನ್ನೆ ಬರೆಯಬೇಕು.

"ನಮ್ಮ ಊರಲ್ಲಿ ಗಾಜು ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ, ಎಷ್ಟನೇದು ಅಂತ ಲೆಕ್ಕ ತಪ್ಪುವ ಭಯ" ಎಂದಿದ್ದರು ಒಂದು ಸಲ. "ಇಲ್ಲಿ ಭಯ ಬೇರೆ. ಇಲ್ಲ ಅಂತ ಬರೀಲಿಕ್ಕೂ ಹೋಗಿ ನೋಡ್ಬೇಕು. ಕೂತಲ್ಲೇ ಬರೆದ ಸೊನ್ನೆ ಸೊನ್ನೆ ಅಲ್ಲ, ಅದು ಸುಳ್ಳು."

ಮಳೆಯಿಲ್ಲದ ಆ ತಿಂಗಳುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅವರು ತಮ್ಮ ಊರಿನ ಕಡೆಯದ್ದನ್ನು ಹೇಳುತ್ತಿದ್ದರು. ಪುನರ್ಪುಳಿ ನೆನೆಸಿದ ಕೆಂಪು ನೀರು ಅವರ ಲೋಟದಲ್ಲಿ. ನಮ್ಮ ಆಫೀಸಿನ ಮಾಡಿಗೆ ಹೊದಿಸಿದ್ದುದು ಮಂಗಳೂರು ಹೆಂಚು. ತಲೆಯೆತ್ತಿ ತೋರಿಸುತ್ತಿದ್ದರು: "ಇವೂ ನನ್ನ ಹಾಗೇ ಘಟ್ಟ ಹತ್ತಿ ಬಂದದ್ದು. ನೇತ್ರಾವತಿಯ ದಡದ ಮಣ್ಣು. ಪಾಪ, ಮಳೆಗೆ ಅಂತ ಸುಟ್ಟು ಮಾಡಿದ್ದು, ಇಲ್ಲಿ ಬಂದು ಬಿಸಿಲು ಕಾಯ್ತಾ ಉಂಟು."

ಬಾರ್ಕೂರಿನ ಬಗ್ಗೆ ಹೇಳುವಾಗ ಅನ್ನ ಕಲಸಿದ ಕೈ ಹಾಗೇ ನಿಂತುಬಿಡುತ್ತಿತ್ತು. ಒಂದು ಕಾಲಕ್ಕೆ ರಾಜಧಾನಿ, ಹತ್ತು ಕೇರಿಗಳು, ಹೊಳೆಯಲ್ಲಿ ಹಡಗು ಬಂದು ನಿಲ್ಲುತ್ತಿದ್ದವಂತೆ. ಈಗ ಗದ್ದೆಗಳ ನಡುವೆ ಕಲ್ಲಿನ ಕಂಬಗಳು, ಗುಡಿಗಳು, ಅಷ್ಟೇ. ಉಳ್ಳಾಲದ ರಾಣಿಯ ಕಥೆ ಬೇರೆ. ಪರಂಗಿಯವರ ಹಡಗುಗಳಿಗೆ ಒಣ ಸೋಗೆಯ ಸೂಡಿಗಳಿಂದ ಬೆಂಕಿ ಇಕ್ಕಿಸಿದಳಂತೆ. ಮಲ್ಪೆಯ ಎದುರಿನ ದ್ವೀಪದಲ್ಲಿ ಕಲ್ಲುಗಳು ಯಾರೋ ಕೂತು ಕೆತ್ತಿದಂತೆ ಮೂಲೆ ಮೂಲೆಯಾಗಿ ಎದ್ದು ನಿಂತಿವೆಯಂತೆ. ನಾನು ಸಮುದ್ರವನ್ನು ಕಂಡಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳಗಿನ ಮಂಜು ಕವಿದು ಕೆಳಗಿನ ಕಾಡೆಲ್ಲ ಮುಳುಗುವುದಿದೆಯಲ್ಲ, ಹಾಗಿರಬಹುದೆಂದು ಅಂದುಕೊಂಡಿದ್ದೆ.

ಎಲ್ಲ ಕಥೆಗಳೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಕಾಪುವಿನ ದೀಪಸ್ತಂಭದಲ್ಲಿ. ಕಡಲಿನ ಅಂಚಿಗೆ ಒಂದು ದೊಡ್ಡ ಬಂಡೆ, ಬಂಡೆಯ ಮೇಲೆ ಸ್ತಂಭ. ಅವರ ಅಂಗಳದಲ್ಲಿ ನಿಂತರೆ ಅದರ ಬೆಳಕು ಕಾಣುತ್ತಿತ್ತಂತೆ. ಆ ಅಂಗಳ ಅವರ ಅಕ್ಕನದು. ಅವರ ಕಡೆ ಮನೆ, ಗದ್ದೆಗಳು ಹೆಣ್ಣಿನ ಕಡೆಗೆ ಹೋಗುತ್ತವೆ. ಅಕ್ಕನ ಮನೆಯೇ ತಮ್ಮನ ಮನೆ, ಅಕ್ಕನ ಮಕ್ಕಳಿಗೆ ಸೋದರಮಾವನೇ ಹಿರಿಯ. ಅವರು ಮದುವೆಯಾಗಿರಲಿಲ್ಲ. ತಾಯಿ ಹೋದ ಮೇಲೆ ಅವರನ್ನು ಸಾಕಿದವರು ಆ ಅಕ್ಕ.

ಅಕ್ಕನಿಗೆ ಕಣ್ಣು ಮಬ್ಬಾಗುತ್ತ ಬಂದಿತ್ತು. ವೈದ್ಯರು ಹೆಚ್ಚು ಭರವಸೆ ಕೊಟ್ಟಿರಲಿಲ್ಲ. ನಿವೃತ್ತಿಗೆ ಮೂರು ವರ್ಷವಿತ್ತು, ಅಷ್ಟು ದಿನ ಆ ಕಣ್ಣು ಕಾಯುತ್ತದೆಂಬ ನಂಬಿಕೆ ಅವರಿಗಿರಲಿಲ್ಲ. ಊರ ಕಡೆಗೆ ವರ್ಗ ಕೇಳಿ ಎರಡು ಸಲ ಅರ್ಜಿ ಹಾಕಿದ್ದರು.

"ಅವಳಿಗೆ ನನ್ನ ಮುಖ ಕಾಣುವಾಗಲೇ ಹೋಗ್ಬೇಕು" ಎಂದರು ಒಂದು ದಿನ, ಊಟದ ಡಬ್ಬಿ ಮುಚ್ಚುತ್ತ. ಇನ್ನೊಮ್ಮೆ ಆ ಮಾತೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಅದಾದ ಮೇಲೆ ಟಪಾಲಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವರ ಪೆನ್ನು ನಿಲ್ಲುವುದು ನನಗೆ ಕಾಣುತ್ತಿತ್ತು.

ಮೇ ತಿಂಗಳ ಒಂದು ಮಂಗಳವಾರ ಅವರು ಆ ಅರ್ಜಿಯನ್ನು ವಿಚಾರಿಸಲು ಮಧ್ಯಾಹ್ನದ ಬಸ್ಸಿಗೆ ಮೈಸೂರಿಗೆ ಹೊರಟರು. ಬುಧವಾರದ ಎಂಟೂವರೆಯನ್ನು ನನಗೆ ಒಪ್ಪಿಸಿದರು. ಗೇಟಿನ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಗೊತ್ತುಂಟಲ್ಲ?" ಎಂದರು. ಗೊತ್ತು ಎಂದೆ.

ಬುಧವಾರ ನಾನು ಎಂಟರ ಬಸ್ಸು ತಪ್ಪಿಸಿಕೊಂಡೆ. ಕಾರಣ ದೊಡ್ಡದಲ್ಲ, ತಲೆಗೆ ನೀರು ಹಾಕಿಕೊಂಡಿದ್ದೆ, ಕೂದಲು ಆರಲಿಲ್ಲ. ಮುಂದಿನ ಬಸ್ಸು ಹಿಡಿದು ಫಾರಂ ತಲುಪಿದಾಗ ಒಂಬತ್ತು ಹತ್ತು. ಊರಲ್ಲಿ ಹನಿ ಬಿದ್ದಿರಲಿಲ್ಲ. ರಸ್ತೆ ಒಣಗಿತ್ತು. ಫಾರಂನ ಅಂಗಳವನ್ನು ಆಗಲೇ ಗುಡಿಸಿ ಮುಗಿಸಿದ್ದರು, ಪೊರಕೆಯ ಗೀರುಗಳು ಸಾಲಾಗಿ ಕಾಣುತ್ತಿದ್ದವು. ಪುಸ್ತಕ ತೆರೆದೆ. ಅದರಲ್ಲಿ ಇಪ್ಪತ್ತಾರು ದಿನ ಒಂದರ ಕೆಳಗೊಂದು ಸೊನ್ನೆಗಳು. ಮಾಪಕ ಇದ್ದುದು ಅಂಗಳದ ಆಚೆ ತುದಿಯಲ್ಲಿ, ತೊಂಬತ್ತು ಹೆಜ್ಜೆ. ಬಿಸಿಲು ಆಗಲೇ ಏರಿತ್ತು. ನಾನು ಕೂತಲ್ಲೇ ಇಪ್ಪತ್ತೇಳನೆಯ ಸೊನ್ನೆಯನ್ನು ಶಾಯಿಯಲ್ಲಿ ಬರೆದೆ. ವೇಳೆಯ ಕಾಲಮ್ಮಿನಲ್ಲಿ ಎಂಟೂವರೆ ಎಂದೂ ಬರೆದೆ. ಕೀಲಿಕೈ ಮೇಜಿನ ಮೇಲೆ ಇಟ್ಟಲ್ಲೇ ಇತ್ತು.

ಗುರುವಾರ ಬೆಳಿಗ್ಗೆ ಅವರು ಮೊದಲ ಬಸ್ಸಿಗೇ ಬಂದಿದ್ದರು. ಎಂಟೂವರೆಗೆ ಇಬ್ಬರೂ ಮಾಪಕದ ಹತ್ತಿರ ಹೋದೆವು. ಅವರು ಬಾಟಲಿ ಎತ್ತಿದರು. ಎತ್ತಿದಾಗಲೇ ಅವರ ಕೈಗೆ ತಿಳಿಯಿತು ಅಂತ ಕಾಣುತ್ತದೆ, ಒಂದು ಗಳಿಗೆ ಹಾಗೇ ಹಿಡಿದುಕೊಂಡರು. ಆಮೇಲೆ ಗಾಜಿಗೆ ಬಗ್ಗಿಸಿದರು. ನೀರು ಬಂತು. ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಏಳು ಮಿಲಿಮೀಟರ್, ಮೇಲೆ ಎರಡು ಗೀಟು.

ಪಾಳಿ ಮುಗಿಸಿ ಮನೆಗೆ ಹೊರಟಿದ್ದ ರಾತ್ರಿ ಕಾವಲುಗಾರ ಬೇಲಿಯ ಆಚೆ ನಿಂತು ನೋಡುತ್ತಿದ್ದ. "ಮೊನ್ನೆ ಸಂದೇಲಿ ಉಯ್ತಲ್ಲ ಸ್ವಾಮಿ, ಎಲ್ರೂ ಓದ್ಮೇಲೆ. ಅರ್ಧ ಗಂಟೆ ಚಚ್ಚಿಬುಡ್ತು. ನೆಲ ಎಂಗೆ ಕಾದಿತ್ತು ಅಂದ್ರೆ ಅಂಗೇ ಕುಡ್ಕಬುಡ್ತು. ಅಮ್ಮಿ ನೆನ್ನೆ ನೋಡ್ನಿಲ್ವಾ?"

ಮಳೆ ಮೇಷ್ಟ್ರು ಗಾಜನ್ನು ಇನ್ನೊಮ್ಮೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಪೆನ್ಸಿಲಿನಲ್ಲಿ ಬರೆದುಕೊಂಡು ನೀರು ಚೆಲ್ಲಿದರು. ಒಳಗೆ ಬಂದು ಪುಸ್ತಕ ತೆರೆದರು. ನನ್ನ ಸೊನ್ನೆಯ ಮೇಲೆ ಅಡ್ಡ ಒಂದೇ ಒಂದು ಗೆರೆ ಎಳೆದರು, ಕೆಳಗಿನ ಸೊನ್ನೆ ಕಾಣುವ ಹಾಗೆ. ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದು ತಮ್ಮ ಸಹಿ ಹಾಕಿದರು. ಗುರುವಾರದ ಎದುರು, ಏಳು ದಶಾಂಶ ಎರಡು, ಎರಡು ದಿನದ್ದು ಸೇರಿ.

"ನಾನೇ ಬರೆದದ್ದು ಅಂತ ನಾನೂ ಸಹಿ ಹಾಕ್ತೀನಿ ಸಾರ್" ಎಂದೆ.

"ಯಾರು ಬರೆದದ್ದು ಅಂತ ಪುಸ್ತಕಕ್ಕೆ ಬೇಡ. ನೋಡಿದ್ದಾ ಇಲ್ವಾ, ಅಷ್ಟೇ ಅದಕ್ಕೆ ಬೇಕು" ಎಂದರು. ಕೆರೆದು ಅಳಿಸಿದ್ದರೆ, ಬುಧವಾರದ ಸೊನ್ನೆಯನ್ನೇ ಏಳು ಎಂದು ತಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂತು. ಅವರಿಗೆ ಬಂದಿರಲಾರದು.

ಹತ್ತು ದಿನಕ್ಕೆ ತಪಾಸಣೆ. ಮೇಲಿನಿಂದ ಬಂದ ಅಧಿಕಾರಿ ಎಲ್ಲ ಪುಸ್ತಕಗಳನ್ನೂ ತಿರುವಿ ನೋಡುತ್ತ ಮಳೆಯ ಪುಸ್ತಕಕ್ಕೆ ಬಂದರು. ನಾನು ಬೀಜದ ದಾಸ್ತಾನಿನ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಏನ್ರಿ ಈ ಗೆರೆ?"

"ಆ ದಿನ ನೋಡಿಲ್ಲ ಸಾರ್."

"ಯಾರು ನೋಡಿಲ್ಲ?"

"ಮಾಪಕ ನನ್ನ ಸುಪರ್ದಿಯಲ್ಲಿ ಉಂಟು ಸಾರ್. ನೋಡಿಲ್ಲ."

ಅಧಿಕಾರಿ ಪುಸ್ತಕ ಮುಚ್ಚಿದರು. "ಕರಾವಳಿಗೆ ವರ್ಗ ಕೇಳಿದ್ದೀರಲ್ಲ ನೀವು? ಇಲ್ಲಿ ಅಪರೂಪಕ್ಕೆ ಬೀಳೋ ನಾಲ್ಕು ಹನಿ ನೋಡಕ್ಕಾಗದವರು ಅಲ್ಲಿ ಹೋಗಿ ಏನ್ ಅಳೀತೀರಿ?"

ನಾನು ಒಳಗೆ ಎರಡು ಹೆಜ್ಜೆ ಇಟ್ಟು, ಅದು ನಾನು ಸಾರ್, ಎನ್ನಬೇಕಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಪ್ಪ ಸಂತೆಯಲ್ಲಿ ಹಂಚಿದ ಎಲೆಗಳು ಕಣ್ಣ ಮುಂದೆ ಬಂದವು. ಫೈಲನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅಷ್ಟೇ ನಡೆದದ್ದು. ಆ ಎರಡು ಹೆಜ್ಜೆಗಳನ್ನು ನಾನು ಆಮೇಲೆ ಎಷ್ಟು ಸಲ ಇಟ್ಟಿದ್ದೇನೋ... ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ.

ಆವತ್ತಿನಿಂದ ನಾನು ಫಾರಂನಲ್ಲಿದ್ದಷ್ಟು ದಿನ ಎಂಟು ಇಪ್ಪತ್ತಕ್ಕೇ ಮಾಪಕದ ಹತ್ತಿರ ಇರುತ್ತಿದ್ದೆ. ಎಂಟರ ಬಸ್ಸು ತಪ್ಪೀತೆಂದು ಏಳರ ಬಸ್ಸಿಗೇ ಹೋಗುತ್ತಿದ್ದೆ. ಅವರು ಕೊಡೆ ತೂಗಿಸಿಕೊಂಡು ಬರುತ್ತಿದ್ದರು, ನಾನು ಗೇಟು ತೆಗೆದು ಕೊಡುತ್ತಿದ್ದೆ. ತಪಾಸಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವರ ಊರಿನ ಕಥೆಗಳು ಮಾತ್ರ ನಿಂತುಹೋದವು. ಅಥವಾ ಕೇಳುವುದನ್ನು ನಾನೇ ನಿಲ್ಲಿಸಿದೆನೋ, ಈಗ ಸರಿಯಾಗಿ ನೆನಪಿಲ್ಲ.

ಜೂನ್ ಕೊನೆಯಲ್ಲಿ ವರ್ಗದ ಆದೇಶ ಬಂತು. ಅವರಿಗಲ್ಲ, ನನಗೆ. ಮನೆಗೆ ಹತ್ತಿರವೆಂದು ಎಂದೋ ಕೇಳಿದ್ದ ಚಾಮರಾಜನಗರ. ಟಪಾಲು ಒಡೆದಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಹೊರಡುವ ದಿನ ಅವರು ಕೇಳಿದ್ದು ಒಂದೇ. "ಅಲ್ಲಿ ಮಾಪಕ ಉಂಟಾ?" ಇಲ್ಲ, ಬರೀ ಮೇಜಿನ ಕೆಲಸ ಎಂದೆ. "ಇಲ್ಲದಿದ್ರೂ ಎಂಟೂವರೆಗೆ ಒಮ್ಮೆ ಹೊರಗೆ ಬಂದು ಆಕಾಶ ನೋಡು" ಎಂದರು.

ಅದನ್ನು ಪಾಲಿಸಿದ್ದೇನೆ. ಮದುವೆಯ ಮರುದಿನವೂ ಪಾಲಿಸಿದೆ, ಗಂಡ ತೀರಿಕೊಂಡ ಮರುದಿನವೂ. ನನ್ನ ಬೆಳಗಿನ ಗಡಿಯಾರವನ್ನು ನೋಡಿ ನಗುವವರಿಗೆ ಅದರ ಮೂಲ ಗೊತ್ತಿಲ್ಲ.

ಆ ದೀಪಾವಳಿಗೆ ಅವರಿಗೆ ಫಾರಂನ ವಿಳಾಸಕ್ಕೆ ಕಾಗದ ಬರೆದೆ. ತಪ್ಪೊಪ್ಪಿಕೊಂಡಿದ್ದೆ. ಉತ್ತರ ಬರಲಿಲ್ಲ. ಯುಗಾದಿಗೆ ಇನ್ನೊಂದು ಬರೆದೆ. ಅದಕ್ಕೂ ಬರಲಿಲ್ಲ. ನನ್ನ ಡೈರಿಯಲ್ಲಿ ಆ ವಾರದ ಪುಟದಲ್ಲಿ ಹೀಗೆ ಬರೆದಿದ್ದೇನೆ: 'ಮಳೆ ಮೇಷ್ಟ್ರಿಂದ ಉತ್ತರವಿಲ್ಲ. ವರ್ಗ ಆಗಲಿಲ್ಲ. ಕೋಪ ಇದೆ.' ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಒಂದು ಭಾನುವಾರ ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ. ಹೋದರೆ ಅವರು ಅಲ್ಲೇ, ಅದೇ ಮೇಜಿನ ಮುಂದೆ, ಅದೇ ಕೊಡೆ ತೂಗಿಸಿ ಕೂತಿರುವುದನ್ನು ನೋಡಬೇಕಾಗುತ್ತದೆಂಬ ಹೆದರಿಕೆ.

ಉಡುಪಿಗೆ ಹೋಗೋಣವೆಂದು ಈ ವರ್ಷ ಹಟ ಹಿಡಿದವಳು ನನ್ನ ತಂಗಿ. ಅವಳಿಗೆ ದೇವರು ಬೇಕಿತ್ತು, ಕಡಲು ಬೇಕಿತ್ತು. ಮಳೆಗಾಲ ಬೇಡವೆಂದು ಎಲ್ಲರೂ ಹೇಳಿದರು. ಮಳೆಗಾಲವೇ ಬೇಕು ಎಂದೆ ನಾನು. ನನ್ನದೊಂದೇ ಷರತ್ತು, ಕಾಪುವಿನಲ್ಲಿ ಎರಡು ಗಂಟೆ.

ಕಾಪುವಿನಲ್ಲಿ ಬಸ್ಸಿಳಿದ ಐದು ನಿಮಿಷಕ್ಕೆ ನಮ್ಮ ಕೊಡೆ ಗಾಳಿಗೆ ಮಗುಚಿಹೋಗಿ ಕಡ್ಡಿ ಮುರಿಯಿತು. ಅಂಥ ಮಳೆಯನ್ನು ನಾನು ಕಂಡಿರಲಿಲ್ಲ. ಹನಿ ಹನಿಯಾಗಿ ಬೀಳುವುದಲ್ಲ, ಯಾರೋ ಮೇಲಿಂದ ಹಂಡೆ ಬಗ್ಗಿಸಿದಂತೆ. ಸಮುದ್ರ ಬೂದು ಬಣ್ಣಕ್ಕೆ ತಿರುಗಿ ಬಂಡೆಗೆ ಬಡಿದು ಮೇಲೇಳುತ್ತಿತ್ತು. ಬಂಡೆಯ ಮೇಲೆ ದೀಪಸ್ತಂಭ, ಅವರು ಹೇಳಿದಷ್ಟೇ ಎತ್ತರ, ಅವರು ಹೇಳಿದ ಜಾಗದಲ್ಲೇ. ತಂಗಿ ಸೆರಗನ್ನು ತಲೆಗೆ ಹೊದ್ದು, "ಇಷ್ಟು ನೀರನ್ನ ಎಂಟೂವರೆಗೆ ಯಾರಕ್ಕ ಅಳೀತಾರೆ?" ಎಂದಳು. ನಮ್ಮ ಗುಂಡ್ಲುಪೇಟೆಯ ಆ ಏಳು ದಶಾಂಶ ಎರಡು ಇಲ್ಲಿ ಒಬ್ಬರು ಕೆಮ್ಮಿ ಮುಗಿಸುವಷ್ಟರಲ್ಲಿ ಬಿದ್ದಿರುತ್ತದೆ.

ದಾರಿಬದಿಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಹಿಂದೆ ಸರ್ಕಾರಿ ಕೆಲಸದಲ್ಲಿದ್ದರು, ಘಟ್ಟದ ಮೇಲಿದ್ದರು, ಮಳೆ ಅಳೆಯುತ್ತಿದ್ದರು...

"ಮಳೆ ಮಾವನ ಮನೆಯಾ?" ಎಂದಳು ಅಂಗಡಿಯಾಕೆ, ನಾನು ಮುಗಿಸುವ ಮೊದಲೇ. "ಅವರು ಹೋಗಿ ತುಂಬ ವರ್ಷ ಆಯ್ತಲ್ಲ. ಅವರ ಅಕ್ಕನ ಮಗಳು ಇದ್ದಾರೆ. ಇದೇ ಓಣಿ, ಕೊನೆಯ ಮನೆ."

ಹೋಗಿ ತುಂಬ ವರ್ಷ. ನಿರೀಕ್ಷಿಸದೆ ಇರಲಿಲ್ಲ, ಲೆಕ್ಕ ಹಾಕಿದರೆ ಅವರಿಗೆ ನೂರರ ಹತ್ತಿರವಾಗಬೇಕಿತ್ತು. ಆದರೂ ಓಣಿಯಲ್ಲಿ ನಡೆಯುವಾಗ ಮಳೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಲಿಲ್ಲ.

ಬಾಗಿಲು ತೆರೆದವರು ಅರವತ್ತು ದಾಟಿದ ಹೆಂಗಸು. ಯಾರು, ಎಲ್ಲಿಂದ ಎಂದು ಕೇಳುವ ಮೊದಲೇ ತಲೆ ಒರೆಸಿಕೊಳ್ಳಲು ಬೈರಾಸು ಕೊಟ್ಟರು. ನಿಮ್ಮ ಮಾವನ ಜೊತೆ ಘಟ್ಟದ ಮೇಲೆ ಕೆಲಸ ಮಾಡಿದವಳು ಎಂದಷ್ಟೇ ಹೇಳಿದೆ. ಊರಿನ ಹೆಸರು ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ ಅನ್ನುವುದು ಸರಿ. ಅವರು ನಮ್ಮನ್ನು ಚಾವಡಿಯಲ್ಲಿ ಕೂರಿಸಿ, ಒಳಗೆ ಆರಾಮಕುರ್ಚಿಯಲ್ಲಿ ಕೂತಿದ್ದ ಗಂಡನಿಗೆ ಹೇಳಿದರು: "ಇವರಿಗೆ ಸ್ವಲ್ಪ ಪುನರ್ಪುಳಿ ಮಾಡುವ. ಡಬ್ಬಿಯಲ್ಲಿ ಸಿಪ್ಪೆ ಉಂಟಾ ನೋಡಿ."

"ಮುಗಿದಿದೆ" ಎಂದರು ಗಂಡ, ಕುರ್ಚಿಯಿಂದಲೇ.

"ಗುಂಡ್ಲುಪೇಟೆ ಸೊನ್ನೆ ಹೇಳ್ಬೇಡಿ ಮಾರಾಯ್ರೆ. ಎದ್ದು ಡಬ್ಬಿ ತೆರೆದು ನೋಡಿ."

ನಾನು ಬೈರಾಸನ್ನು ಮುಖಕ್ಕೆ ಒತ್ತಿಕೊಂಡವಳು ಹಾಗೇ ಇದ್ದೆ. ತಂಗಿ ನನ್ನ ಮೊಣಕೈ ಹಿಡಿದಳು. ಆ ಕಥೆಯನ್ನು ನಾನು ಅವಳೊಬ್ಬಳಿಗೆ ಹೇಳಿದ್ದೆ.

ಒಳಗಿನಿಂದ ಗಂಡನ ಧ್ವನಿ ಬಂತು, ಈ ಸಲ ತುಸು ಸೋತು: "ಉಂಟು. ಅರ್ಧ ಡಬ್ಬಿ ಉಂಟು."

"ಅದೇನದು ಸೊನ್ನೆ?" ಎಂದು ಕೇಳಿದವಳು ನನ್ನ ತಂಗಿ.

ಆಕೆ ನಕ್ಕರು. "ಅದು ನಮ್ಮ ಮನೆಯ ಮಾತು. ಹೋಗಿ ನೋಡದೆ ಇಲ್ಲ ಅಂದ್ರೆ ಹಾಗೆ ಹೇಳುದು. ಮಾವ ತಂದದ್ದು. ಅಲ್ಲಿ ಅವರ ಕೈಕೆಳಗೆ ಒಂದು ಹುಡುಗಿ ಇದ್ದಳಂತೆ. ಮಳೆ ಬಂದಿದ್ರೂ ಕುರ್ಚಿಯಲ್ಲಿ ಕೂತೇ ಸೊನ್ನೆ ಬರೆದಳಂತೆ. ಬಾಟಲಿ ಎತ್ತಿದ್ರೆ ನೀರು ಕುಲುಕ್ತಾ ಉಂಟಂತೆ. ಅವಳ ಮುಖ ಹೇಗಾಯ್ತು ಅಂತ ಮಾವ ಮಾಡಿ ತೋರಿಸ್ತಿದ್ರು. ನನ್ನ ಅಮ್ಮ ನಕ್ಕು ನಕ್ಕು ಸೆರಗಲ್ಲಿ ಕಣ್ಣು ಒರೆಸಿಕೊಳ್ತಿದ್ದದ್ದು ನನಗೆ ಈಗಲೂ ಕಾಣ್ತದೆ."

"ನಿಮ್ಮ ಅಮ್ಮ ಅವರು ಮಾಡಿ ತೋರಿಸಿದ್ದನ್ನ ನೋಡಿದ್ರಾ?" ಎಂದೆ.

ಆಕೆಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. "ನೋಡದೆ ಎಂತ? ಮಾವ ವರ್ಗ ಆಗಿ ಬಂದದ್ದು ಅದೇ ವರ್ಷ ಆಟಿ ತಿಂಗಳಲ್ಲಿ, ಹೀಗೇ ಮಳೆ, ನಾನಾಗ ಕಾಲೇಜಿಗೆ ಹೋಗ್ತಿದ್ದೆ. ಅಮ್ಮನಿಗೆ ಕಣ್ಣು ಪೂರ್ತಿ ಹೋದದ್ದು ಅದಾಗಿ ಆರು ವರ್ಷಕ್ಕೆ. ನನ್ನ ಮದುವೆಯಲ್ಲಿ ಮಾವ ಪೇಟ ಕಟ್ಟಿದ್ದು ಓರೆಯಾಗಿದೆ ಅಂತ ಅಮ್ಮನೇ ಸರಿ ಮಾಡಿದ್ದು."

ಆಟಿ ತಿಂಗಳು. ನಮ್ಮ ಆಷಾಢದ ಹೊತ್ತು, ಜುಲೈ ಆಗಸ್ಟಿನ ನಡುವೆ. ನಾನು ಜೂನ್ ಕೊನೆಗೆ ಹೊರಟಿದ್ದೆ. ನನ್ನ ಹಿಂದೆಯೇ, ತಿಂಗಳು ತುಂಬುವ ಹೊತ್ತಿಗೆ ಅವರು ಕೊಡೆ ಎತ್ತಿಕೊಂಡು ಊರಿಗೆ ಬಂದಿದ್ದರು. ಆದೇಶ ಹೇಗಾಯಿತೆಂದು ಅವರು ಮನೆಯಲ್ಲಿ ಹೇಳಿರಲಿಲ್ಲ. ಇವರು ಕೇಳಿರಲೂ ಇಲ್ಲ, ಬಂದರಲ್ಲ, ಅಷ್ಟು ಸಾಕಾಗಿತ್ತು. ದೀಪಾವಳಿಗೂ ಯುಗಾದಿಗೂ ನಾನು ಬರೆದ ಕಾಗದಗಳು ಅವರಿಲ್ಲದ ಮೇಜಿಗೆ ಹೋಗಿದ್ದವು. ಉತ್ತರ ಬರದಿದ್ದುದು ಕೋಪಕ್ಕಲ್ಲ. ಅವರು ಬೇಕಾದ ಕಡೆಗೆ ತಲುಪಿಯಾಗಿತ್ತು, ಅದಕ್ಕೆ. ನಾನು ಮತ್ತೆ ಕುರ್ಚಿಯಿಂದ ಏಳದೆ ಸೊನ್ನೆ ಬರೆದುಕೊಂಡಿದ್ದೆ, ಈ ಸಲ ನಲವತ್ತಾರು ವರ್ಷಕ್ಕೆ.

"ಆ ಹುಡುಗಿ ನಾನೇ" ಎಂದೆ.

ಆಕೆ ನನ್ನನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, "ಕೇಳಿದ್ರಾ? ಗುಂಡ್ಲುಪೇಟೆ ಸೊನ್ನೆ ಮನೆಗೇ ಬಂದಿದೆ" ಎಂದು ಕೂಗಿ, ನನ್ನ ಎರಡೂ ಕೈ ಹಿಡಿದುಕೊಂಡರು. ಗಂಡ ಡಬ್ಬಿ ಹಿಡಿದೇ ಹೊರಗೆ ಬಂದರು. ನಾನು ನಗಬೇಕೆಂದು ಬಾಯಿ ತೆರೆದೆ, ಅದು ನಗುವಾಗಲಿಲ್ಲ. ತಂಗಿ ಬೈರಾಸನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

"ಕಥೆ ಅಲ್ಲಿಗೇ ಮುಗೀತಿರಲಿಲ್ಲ ಗೊತ್ತುಂಟಾ?" ಎಂದರು ಆಕೆ ಸ್ವಲ್ಪ ಹೊತ್ತಿನ ಮೇಲೆ. "ಆಮೇಲೆ ಮೋಡ ಇರ್ಲಿ ಬಿಸಿಲಿರ್ಲಿ, ನನಗಿಂತ ಮೊದಲೇ ಆ ಹುಡುಗಿ ಗೇಟಿನ ಹತ್ತಿರ ನಿಂತಿರ್ತಿದ್ದಳು ಅಂತ ಮಾವ ಹೇಳ್ಲೇಬೇಕು. ಅದು ಹೇಳದೆ ಕಥೆ ಮುಗಿಸಿದ್ದೇ ಇಲ್ಲ."

ಕೆಂಪು ನೀರು ಕುಡಿದೆವು. ಅಂಗಳ ನೋಡಬೇಕೆಂದೆ. ನಿವೃತ್ತಿಯ ನಂತರವೂ ಅವರು ತಮ್ಮದೇ ಒಂದು ಮಾಪಕ ಇಟ್ಟುಕೊಂಡಿದ್ದರಂತೆ. ಕೊನೆಯ ವರ್ಷದವರೆಗೂ ಎಂಟೂವರೆಗೆ ಅಂಗಳಕ್ಕಿಳಿಯುತ್ತಿದ್ದರಂತೆ. ಮಾಪಕ ಈಗಿಲ್ಲ. ಅದನ್ನು ಕೂರಿಸಿದ್ದ ಸಿಮೆಂಟಿನ ಕಟ್ಟೆ ಇದೆ, ಅದರ ಮೇಲೆ ಬಟ್ಟೆ ಒಗೆಯುವ ಸೋಪಿನ ಚೂರು ನೆನೆಯುತ್ತಿತ್ತು. ದೀಪಸ್ತಂಭ ಅಲ್ಲಿಂದ ಕಾಣಲಿಲ್ಲ. ನಡುವೆ ಮೂರು ಮಹಡಿಯ ಮನೆಯೊಂದು ಎದ್ದಿದೆ. "ಮಾವ ಇರುವಾಗ ಕಾಣ್ತಿತ್ತು" ಎಂದರು ಆಕೆ.

ಅವರು ಇದ್ದಾಗ ನಾನು ಬರಬೇಕಿತ್ತು. ಅವರು ಹೋಗಿ ಇಪ್ಪತ್ತೊಂದು ವರ್ಷ. ಅದಕ್ಕೂ ಮೊದಲಿನ ಇಪ್ಪತ್ತೈದು ವರ್ಷಗಳಲ್ಲಿ ಯಾವ ದಿನವಾದರೂ ಒಂದು ಬಸ್ಸು ಹತ್ತಿದ್ದರೆ, ನನ್ನ ಮುಖ ಹೇಗಾಗಿತ್ತೆಂದು ಅವರೇ ನನಗೆ ಮಾಡಿ ತೋರಿಸುತ್ತಿದ್ದರು... ಅದಕ್ಕೆ ತಿದ್ದುಪಡಿ ಇಲ್ಲ. ಹೊರಡುವಾಗ ಆಕೆ ಆ ಅರ್ಧ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ನಾನು ನಿದ್ದೆ ಮಾಡಿದೆನಂತೆ. ಪ್ರಯಾಣದಲ್ಲಿ ನಾನು ನಿದ್ದೆ ಮಾಡಿದ್ದನ್ನು ಈವರೆಗೆ ನೋಡಿಲ್ಲವೆಂದು ತಂಗಿ ಹೇಳುತ್ತಾಳೆ.

ಸೋಮವಾರಕ್ಕೆ ಮರಳುತ್ತೇನೆ. ಎಂಟೂವರೆಗೆ ಹೊರಗೆ ಹೋಗಿ ಆಕಾಶ ನೋಡಿದೆ. ಮೋಡ ಕವಿದಿತ್ತು, ತುಂತುರು ಇತ್ತು. ಸಿಪ್ಪೆಗಳನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಕೆಟ್ಟಿದ್ದನ್ನು ಆರಿಸಿ, ಗಾಜಿನ ಜಾಡಿಗೆ ತುಂಬಿದೆ. ನಾವು ಮನೆ ತಲುಪಿದ ಸುದ್ದಿಯನ್ನು ಕಾಪುವಿನ ಆಕೆಗೆ ಫೋನಿನಲ್ಲಿ ತಿಳಿಸಿದೆ. ಕೊಡೆಯನ್ನು ರಿಪೇರಿಗೆ ಕಳಿಸಿದೆ. ಮಧ್ಯಾಹ್ನ ತಂಗಿ, "ಮನೇಲಿ ಜೀರಿಗೆ ಇಲ್ಲ" ಎಂದಳು. ನಾನು ತಲೆಯೆತ್ತಿ ನೋಡಿದೆ. ಎದ್ದು ಹೋಗಿ ಡಬ್ಬಿ ತೆರೆದು ಬಂದು, "ನಿಜವಾಗ್ಲೂ ಇಲ್ಲ" ಎಂದಳು.

ಸಂಜೆ ಐದಕ್ಕೆ ಅಟ್ಟದ ಪೆಟ್ಟಿಗೆಯಿಂದ ಆ ವರ್ಷದ ಡೈರಿ ಇಳಿಸಿದೆ. ಯುಗಾದಿಯ ವಾರದ ಪುಟ ಹಳದಿಯಾಗಿದೆ, ಅಕ್ಷರ ಸ್ಪಷ್ಟವಾಗಿದೆ. ಕನ್ನಡಕ ಒರೆಸಿಕೊಂಡು ಮೂರು ವಾಕ್ಯಗಳನ್ನೂ ಓದಿದೆ. ಉತ್ತರವಿಲ್ಲ ಎಂಬುದನ್ನು ಹಾಗೇ ಬಿಟ್ಟೆ, ಅದು ಕಂಡದ್ದು. ಉಳಿದ ಎರಡರ ಮೇಲೆ ಅಡ್ಡ ಒಂದೇ ಒಂದು ಗೆರೆ ಎಳೆದೆ, ಕೆಳಗಿನದು ಕಾಣುವ ಹಾಗೆ. ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದು, ಅಂದಿನ ದಿನಾಂಕ ಹಾಕಿ, ಈ ಸಲ ನನ್ನ ಸಹಿ ಹಾಕಿದೆ. ಶಾಯಿ ಆರಿದ ಮೇಲೆ ಡೈರಿ ಮುಚ್ಚಿದೆ.